ಒಂದು ಕಾಗೆ, ಆ ಕಾಗೆ



ಈ ಸಲ ಬಂದ ಪತ್ರಗಳ ಕಟ್ಟಿನಲ್ಲಿ ನಿಂಬೆ ಉಪ್ಪಿನಕಾಯಿಗೆ ಬೂಸಲು ಕಟ್ಟುವುದರ ಬಗ್ಗೆ ಕೇಳಿದವರೇ ಹೆಚ್ಚು. ಅದನ್ನು ಅಡುಗೆ ಪುಟದವರಿಗೆ ಒಪ್ಪಿಸಿದ್ದೇನೆ. ನಾನು ಈ ಹೊತ್ತು ಎತ್ತಿಕೊಂಡಿರುವುದು ಹಾಸನದ ಕಡೆಯ ಸೋದರಿಯೊಬ್ಬರ ಪತ್ರ. ನಾಲ್ಕು ಪುಟ ಬರೆದಿದ್ದಾರೆ, ಪಾಪ. ಮಗಳಿಗೆ ಏಳು ವರ್ಷ, ಇಂಗ್ಲಿಷ್ ಮೀಡಿಯಂನಲ್ಲಿ ಎರಡನೇ ಕ್ಲಾಸು. ಹುಡುಗಿ ‘ಐ ಸಾ ಎಲಿಫೆಂಟ್’ ಅಂತ ಬರೆದುಕೊಂಡು ಹೋಗಿದ್ದಕ್ಕೆ ಶಾಲೆಯಲ್ಲಿ ಕೆಂಪು ಶಾಯಿಯ ಗೀಟು ಬಿತ್ತಂತೆ. ತಾಯಿ ನೋಡಿ, “ಎ ಬಿಟ್ಟಿದ್ದೀಯಲ್ಲೇ, ಎ ಎಲಿಫೆಂಟ್ ಅಂತ ಬರಿ” ಅಂದರಂತೆ. ಮಾರನೇ ದಿನ ಅದಕ್ಕೂ ಗೀಟು. ಹುಡುಗಿ ಮನೆಗೆ ಬಂದವಳೇ, “ಅಮ್ಮಾ, ನಿಂಗೆ ಇಂಗ್ಲಿಷ್ ಬರಲ್ಲ, ನೀನು ಹೇಳ್ಕೊಡಬೇಡ” ಅಂದಳಂತೆ. ಅಲ್ಲಿಂದೀಚೆಗೆ ತಾಯಿ ಹತ್ತಿರ ಹೋದರೆ ಸಾಕು, ಪುಸ್ತಕ ಮುಚ್ಚಿಡುತ್ತಾಳೆ. ಯಜಮಾನರು ಟ್ಯೂಷನ್‌ಗೆ ಹಾಕೋಣ ಅನ್ನುತ್ತಿದ್ದಾರೆ. “ನಾನು ಕನ್ನಡದಲ್ಲಿ ಎಸ್.ಎಸ್.ಎಲ್.ಸಿ. ಓದಿದವಳು. ಈ ಎ, ಆ್ಯನ್, ದಿ ನನಗೇ ಸರಿಯಾಗಿ ಗೊತ್ತಿಲ್ಲ. ಮಗಳ ಪಕ್ಕ ಕೂರುವುದನ್ನು ಬಿಟ್ಟುಬಿಡಲೇ?” ಎಂದು ಕೇಳಿದ್ದಾರೆ.

ಬಿಡಬೇಡಿ ತಾಯಿ. ಏಳು ವರ್ಷದ ಮಗುವಿಗೆ ಟ್ಯೂಷನ್ನೂ ಬೇಡ. ಇವತ್ತು ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟ ಮಗು ನಾಳೆ ಶಾಲೆಯಲ್ಲಿ ನಡೆದದ್ದನ್ನೂ ಮುಚ್ಚಿಡಲು ಕಲಿಯುತ್ತದೆ. ಹೋಂವರ್ಕಿನ ಪಕ್ಕ ಅಮ್ಮ ಕೂರುವುದು ಬರೀ ಹೋಂವರ್ಕಿಗಲ್ಲ ಅನ್ನೋದು ನಿಮಗೂ ಗೊತ್ತು. ಇದು ಇಂಗ್ಲಿಷ್ ಮೀಡಿಯಂ ಮನೆಗಳ ತೊಂದರೆ ಮಾತ್ರವೂ ಅಲ್ಲ. ನಮ್ಮ ಕಾಲದಲ್ಲಿ ಎಬಿಸಿಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದರು. ಹಾಗಾಗಿ ಈಗ ಯಾವ ಊರಿನ ಯಾವ ತಾಯಿಗೂ ಈ ಎ-ಆ್ಯನ್-ದಿ ಕಾಟ ತಪ್ಪಿದ್ದಲ್ಲ.

ಈ ಮೂರು ಪುಟ್ಟ ಪದಗಳಿಗೆ ಆರ್ಟಿಕಲ್ಸ್ ಅಂತ ಹೆಸರು. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ನಮಗೆ ಇದು ಕಷ್ಟ, ಅಂತ ಎಲ್ಲರೂ ಹೇಳುತ್ತಾರೆ. ಇಲ್ಲ ಅನ್ನೋದು ನಿಜ. ಸಂಸ್ಕೃತದಲ್ಲೂ ಇಲ್ಲ, ಹಿಂದಿಯಲ್ಲೂ ಇಲ್ಲ, ರಷ್ಯನ್ನರಿಗೂ ಜಪಾನಿನವರಿಗೂ ಇಲ್ಲ. ಪದ ಇಲ್ಲದಿದ್ದರೂ ಅದು ಮಾಡುವ ಕೆಲಸ ನಮ್ಮ ಮಾತಿನಲ್ಲಿ ದಿನಾ ನಡೆಯುತ್ತಲೇ ಇದೆ. ಕಥೆ ಹೇಳಿ ನೋಡಿ.

ಒಂದು ಕಾಗೆ ಇತ್ತು. ಆ ಕಾಗೆಗೆ ಬಾಯಾರಿಕೆ ಆಯಿತು. ಅದಕ್ಕೆ ಒಂದು ಹೂಜಿ ಕಂಡಿತು. ಆ ಹೂಜಿಯಲ್ಲಿ ನೀರಿತ್ತು.

ಯಾರಾದರೂ “ಆ ಕಾಗೆ ಇತ್ತು, ಒಂದು ಕಾಗೆಗೆ ಬಾಯಾರಿಕೆ ಆಯಿತು” ಅಂತ ಕಥೆ ಶುರು ಮಾಡುತ್ತಾರೆಯೇ? ಹಾಗೇನಾದರೂ ಹೇಳಿದರೆ ಮೂರು ವರ್ಷದ ಮಗು ಕೂಡ “ಯಾವ ಕಾಗೆ?” ಅಂತ ಕೇಳುತ್ತೆ. ಮೊದಲ ಸಲ ಬಂದಾಗ ‘ಒಂದು’, ಪರಿಚಯ ಆದಮೇಲೆ ‘ಆ’. ಇಂಗ್ಲಿಷ್‌ನವರೂ ಇದನ್ನೇ ಮಾಡುತ್ತಾರೆ. ದೇರ್ ವಾಸ್ ಎ ಕ್ರೋ. ದಿ ಕ್ರೋ ವಾಸ್ ಥರ್ಸ್ಟಿ. ಇಟ್ ಸಾ ಎ ಪಾಟ್. ದೇರ್ ವಾಸ್ ವಾಟರ್ ಇನ್ ದಿ ಪಾಟ್. ‘ಆ್ಯನ್’ ಅನ್ನುವುದು ಹಳೇ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಸಂಖ್ಯೆಯಿಂದಲೇ ಬಂದದ್ದು. ‘ದಿ’ ಅನ್ನುವುದು ‘ದಟ್’ ಎಂಬುದರ ಕುಲದ್ದು. ಅಂದರೆ ನಮ್ಮ ‘ಒಂದು’, ‘ಆ’ ಇದ್ದ ಹಾಗೇ. ಬೇರೆ ಬೇರೆ ಊರಿನ ಹೆಂಗಸರು ಒಂದೇ ಸಾರು ಮಾಡಿದಂತೆ!

ಹಾಗಿದ್ದರೆ ನಮ್ಮ ಮಕ್ಕಳು ಯಾಕೆ ಬಿಟ್ಟುಬಿಡುತ್ತಾರೆ? ನಮ್ಮಲ್ಲಿ ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳಲೇಬೇಕೆಂಬ ಕಟ್ಟುಪಾಡಿಲ್ಲ. ಎರಡನೇ ಸಲ “ಕಾಗೆಗೆ ಬಾಯಾರಿತು” ಅಂದರೂ ಸಾಕು, ‘ಆ’ ಬೇಕಿಲ್ಲ. ಎಷ್ಟೋ ಸಲ ನಾವು ಈ ವ್ಯತ್ಯಾಸವನ್ನು ವಿಭಕ್ತಿಯಲ್ಲೇ ತೋರಿಸಿಬಿಡುತ್ತೇವೆ. ಗಮನಿಸಿ: “ಅಂಗಡಿಯಿಂದ ತೆಂಗಿನಕಾಯಿ ತಗೊಂಡು ಬಾ” ಅಂದರೆ ಯಾವುದಾದರೂ ಒಂದು ಕಾಯಿ. “ತೆಂಗಿನಕಾಯಿಯನ್ನು ಒಡೆದುಕೊಡು” ಅಂದರೆ ಈಗ ತಂದಿಟ್ಟಿದೆಯಲ್ಲ, ಅದೇ ಕಾಯಿ. ಆ ‘ಅನ್ನು’ ಒಂದರಲ್ಲೇ ‘ದಿ’ ಕೂತಿದೆ. ಇಂಗ್ಲಿಷ್ ಮಾತ್ರ ಪ್ರತಿ ಸಲವೂ ಬಾಯಿಬಿಟ್ಟು ಹೇಳು ಅನ್ನುತ್ತದೆ. ಆದ್ದರಿಂದ ಮಗುವಿಗೆ ಇಲ್ಲದಿರುವುದು ಬುದ್ಧಿಯಲ್ಲ, ಅಭ್ಯಾಸ. ಅಭ್ಯಾಸ ಮಾಡಿಸಲು ತಾಯಿಗಿಂತ ಬೇರೆ ಮೇಷ್ಟ್ರು ಬೇಕೇ?

ಇದಕ್ಕೆ ಗ್ರಾಮರ್ ಪುಸ್ತಕ ತರಬೇಡಿ. ಎಂಟು ವರ್ಷದೊಳಗಿನ ಮಕ್ಕಳಿಗೆ ‘ಡೆಫಿನಿಟ್’, ‘ಇನ್‌ಡೆಫಿನಿಟ್’ ಅಂತೆಲ್ಲಾ ಬಾಯಿಪಾಠ ಮಾಡಿಸುವುದು ನನಗೆ ಸರಿಬರುವುದಿಲ್ಲ. ಮೊರದಲ್ಲಿ ಮೂರು ಈರುಳ್ಳಿ, ಒಂದು ನಿಂಬೆಹಣ್ಣು ಇಟ್ಟುಕೊಂಡು ಮಗುವನ್ನು ಎದುರಿಗೆ ಕೂರಿಸಿಕೊಳ್ಳಿ. ‘ಗಿವ್ ಮಿ ಆ್ಯನ್ ಆನಿಯನ್’ ಅನ್ನಿ. ಮಗು ಮೂರರಲ್ಲಿ ಯಾವುದನ್ನು ಕೊಟ್ಟರೂ ಸರಿ, ಶಭಾಷ್ ಅನ್ನಿ. ಆಮೇಲೆ ‘ಗಿವ್ ಮಿ ದಿ ಲೆಮನ್’. ಇರುವುದೇ ಒಂದು, ಕೊಡುತ್ತದೆ. ಈಗ ಸ್ವಲ್ಪ ಕಿತಾಪತಿ ಮಾಡಿ. ಕೊಟ್ಟ ಈರುಳ್ಳಿಯನ್ನು ಮತ್ತೆ ಮೊರಕ್ಕೆ ಹಾಕಿ ‘ಗಿವ್ ಮಿ ದಿ ಆನಿಯನ್’ ಅನ್ನಿ. ಮಗು ಕೈ ತಡೆದು “ಯಾವ್ದಮ್ಮಾ?” ಅಂತ ನಿಮ್ಮ ಮುಖ ನೋಡಿತೋ, ‘ದಿ’ ಅದಕ್ಕೆ ಅರ್ಥವಾಯಿತು ಅಂತ ತಿಳಿಯಿರಿ. ಆಗ ‘ದಿ ಬಿಗ್ ಆನಿಯನ್’ ಅನ್ನಬಹುದು. ಹೇಗೂ ಹುಳಿಗೆ ಈರುಳ್ಳಿ ಹೆಚ್ಚಬೇಕಲ್ಲ, ಆಟವೂ ಆಯಿತು, ಕೆಲಸವೂ ಆಯಿತು.

ಇಬ್ಬರಿಗೂ ಗೊತ್ತಿರುವ ವಸ್ತುವಾದರೆ ಮೊದಲ ಸಲವೇ ‘ದಿ’ ಬರುತ್ತೆ. “ಬಾಗಿಲು ಹಾಕು” ಅಂದರೆ ಯಾವ ಬಾಗಿಲು ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಶಟ್ ದಿ ಡೋರ್. ಗ್ಯಾಸ್ ಆರಿಸು, ಫ್ರಿಜ್ ತೆಗಿ, ಫ್ಯಾನ್ ಹಾಕು, ಎಲ್ಲಕ್ಕೂ ‘ದಿ’. ಸೂರ್ಯ ಚಂದ್ರರಿಗೂ ಹಾಗೇ, ಲೋಕಕ್ಕೆಲ್ಲ ಗೊತ್ತಿರುವವರು ತಾನೇ.

ಇನ್ನು ಆನೆಯ ವಿಷಯಕ್ಕೆ ಬರೋಣ. ‘ಎ’ ಎಲ್ಲಿ, ‘ಆ್ಯನ್’ ಎಲ್ಲಿ? ಶಾಲೆಯಲ್ಲಿ ಎ, ಇ, ಐ, ಒ, ಯು ಈ ಐದು ಅಕ್ಷರ ಬಂದರೆ ‘ಆ್ಯನ್’ ಅಂತ ಹೇಳಿಕೊಡುತ್ತಾರೆ. ಮುಕ್ಕಾಲು ಪಾಲು ನಡೆಯುತ್ತೆ, ಉಳಿದ ಕಾಲು ಪಾಲಿನಲ್ಲೇ ಮಕ್ಕಳು ಎಡವುವುದು. ಅಕ್ಷರ ನೋಡಬಾರದು, ಶಬ್ದ ಕೇಳಬೇಕು. ಕನ್ನಡ ಓದಿದ ತಾಯಿಗೆ ಇಲ್ಲಿ ಇಂಗ್ಲಿಷ್ ಓದಿದವರಿಗಿಂತ ಅನುಕೂಲ ಹೆಚ್ಚು. ಆ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಮೊದಲಕ್ಷರ ಅ-ದಿಂದ ಔ-ವರೆಗಿನ ಸ್ವರವಾಗಿದ್ದರೆ ‘ಆ್ಯನ್’. ಕ-ಕಾರದಿಂದ ಮುಂದಿನ ವ್ಯಂಜನವಾಗಿದ್ದರೆ ‘ಎ’. ಅಷ್ಟೇ. ಎಲಿಫೆಂಟ್, ಅಂಬ್ರೆಲಾ, ಐಸ್‌ಕ್ರೀಮ್, ಇವಕ್ಕೆ ‘ಆ್ಯನ್’. ಬುಕ್ಕು, ಪೆನ್ನು, ಮ್ಯಾಂಗೋಗೆ ‘ಎ’.

ಈಗ ತಂಟೆಯ ಪದಗಳನ್ನು ಹಾಕಿ ನೋಡಿ. ಗಂಟೆ ಎನ್ನುವ ಅರ್ಥದ ಪದ ಇಂಗ್ಲಿಷಿನಲ್ಲಿ ಎಚ್ ಅಕ್ಷರದಿಂದ ಶುರುವಾಗುತ್ತೆ, ಆದರೆ ನಾವು ಬರೆಯುವುದು ‘ಅವರ್’. ಸ್ವರ, ಆದ್ದರಿಂದ ಆ್ಯನ್ ಅವರ್. ಯೂನಿಫಾರ್ಮ್ ಶುರುವಾಗುವುದು ಯು ಅಕ್ಷರದಿಂದ, ಕನ್ನಡದಲ್ಲಿ ಮೊದಲು ಬರುವುದು ‘ಯ’ಕಾರ, ಅದು ವ್ಯಂಜನ, ಎ ಯೂನಿಫಾರ್ಮ್. ಒಂದು ರೂಪಾಯಿ ನಾಣ್ಯ ‘ವನ್ ರುಪೀ ಕಾಯಿನ್’, ‘ವ’ಕಾರ; ಆದ್ದರಿಂದ ‘ಎ’. ಎಂ.ಎಲ್.ಎ.ಗೆ ಆ್ಯನ್, ಎಲ್.ಐ.ಸಿ. ಏಜೆಂಟ್‌ಗೆ ಆ್ಯನ್, ಕರೆಂಟು ಹೋದಾಗ ಹತ್ತಿಕೊಳ್ಳುತ್ತಲ್ಲ ಆ ಯು.ಪಿ.ಎಸ್.ಗೆ ಮಾತ್ರ ಎ. ಇಂಗ್ಲಿಷ್ ಕಾಗುಣಿತ ನೋಡಿದರೆ ತಲೆಕೆಡುವ ಈ ಪದಗಳನ್ನೆಲ್ಲ ನಮ್ಮ ವರ್ಣಮಾಲೆ ಒಂದೇ ಏಟಿಗೆ ಬಿಡಿಸುತ್ತದೆ. ಇಂಗ್ಲಿಷ್‌ನಲ್ಲಿ ಸ್ವರದ ಅಕ್ಷರ ಐದೇ ಇದ್ದರೂ ಸ್ವರದ ಧ್ವನಿಗಳು ಇಪ್ಪತ್ತರ ಸುಮಾರು ಇವೆ. ಐದು ಡಬ್ಬಿಯಲ್ಲಿ ಇಪ್ಪತ್ತು ಸಾಮಾನು ತುಂಬಿಟ್ಟಂತೆ. ನಮ್ಮಲ್ಲಿ ಕೇಳಿದ್ದನ್ನೇ ಬರೆಯುತ್ತೇವೆ.

ಪಕ್ಕದಲ್ಲಿ ಯಾವ ಪದ ಬಂದಿದೆಯೋ ಅದನ್ನು ನೋಡಬೇಕು ಅನ್ನುವುದನ್ನೂ ಹೇಳಿಕೊಡಿ. ಆ್ಯನ್ ಆ್ಯಪಲ್, ಆದರೆ ಎ ರೆಡ್ ಆ್ಯಪಲ್. ಎ ಹೌಸ್, ಆದರೆ ಆ್ಯನ್ ಓಲ್ಡ್ ಹೌಸ್.

ಇದರಲ್ಲಿ ಎಚ್ಚರ ಬೇಕಾದದ್ದು ನಮ್ಮ ನಾಲಿಗೆಯ ಬಗ್ಗೆ. ಕನ್ನಡದವರು ಮೊದಲಲ್ಲಿ ‘ಎ’ ಬಂದರೆ ‘ಯೆ’ ಅಂತಲೂ, ‘ಒ’ ಬಂದರೆ ‘ವೊ’ ಅಂತಲೂ ಎಳೆಯುತ್ತೇವೆ. ಎಲ್ಲಿ ಅನ್ನೋದು ಯೆಲ್ಲಿ, ಒಳಗೆ ಅನ್ನೋದು ವೊಳಗೆ. ಅದೇ ರೂಢಿಯಲ್ಲಿ ಮಗು ‘ಯೆಗ್ಗು’ ಅಂದು, ಕನ್ನಡದಲ್ಲೂ ‘ಯೆಗ್’ ಅಂತಲೇ ಬರೆದುಕೊಂಡರೆ, “ಯ ವ್ಯಂಜನ ಅಲ್ವಾಮ್ಮಾ” ಅಂತ ‘ಎ ಯೆಗ್’ ಮಾಡಿಬಿಡುತ್ತೆ! ತಪ್ಪು ಮಗುವಿನ ಲೆಕ್ಕದ್ದಲ್ಲ, ಉಚ್ಚಾರಣೆಯದ್ದು. ‘ಎಗ್’ ಅಂತ ಬಾಯಿ ತೆರೆದು ಹೇಳಿಸಿ, ಆಮೇಲೆ ಬರೆಸಿ. ಹಾಲನ್ನು ‘ಆಲು’, ಹಣ್ಣನ್ನು ‘ಅಣ್ಣು’ ಅನ್ನುವ ರೂಢಿ ಇರುವ ಕಡೆ ಹೌಸ್ ಹೋಗಿ ‘ಔಸ್’ ಆಗುತ್ತೆ. ಆಗ ಮಗು ‘ಆ್ಯನ್ ಔಸ್’ ಅನ್ನುತ್ತೆ. ಅದಕ್ಕೆ ಬೈಯಬೇಡಿ, ನಗಲೂ ಬೇಡಿ. ಹ-ಕಾರವನ್ನು ಒತ್ತಿ ಹೇಳಿಸಿದರೆ ಆರ್ಟಿಕಲ್ ತಾನಾಗಿ ಸರಿಹೋಗುತ್ತೆ.

ಯಾಕೆ ಈ ಎರಡು ರೂಪ ಅಂತ ಜಾಣ ಮಕ್ಕಳು ಕೇಳುತ್ತವೆ. ನಾವು ಹೈಸ್ಕೂಲಿನಲ್ಲಿ ಓದಿದ ಆಗಮ ಸಂಧಿಯನ್ನು ನೆನಪು ಮಾಡಿಕೊಳ್ಳಿ. ಮನೆ ಮತ್ತು ಅನ್ನು ಸೇರಿದಾಗ ಎರಡು ಸ್ವರ ಡಿಕ್ಕಿ ಹೊಡೆಯದಂತೆ ನಡುವೆ ‘ಯ’ ಬಂದು ಮನೆಯನ್ನು ಆಯಿತು. ಗುರು ಮತ್ತು ಅನ್ನು ಸೇರಿದಾಗ ‘ವ’ ಬಂದು ಗುರುವನ್ನು ಆಯಿತು. ‘ಎ ಎಲಿಫೆಂಟ್’ ಅನ್ನುವಾಗಲೂ ಅದೇ ಡಿಕ್ಕಿ. ಅವರು ಅಲ್ಲಿ ‘ನ’ಕಾರವನ್ನು ಉಳಿಸಿಕೊಂಡರು. ಉಳಿಸಿಕೊಂಡರು ಅಂತ ಯಾಕೆ ಅಂದೆನೆಂದರೆ, ‘ಆ್ಯನ್’ ಹಿರಿಯದು, ‘ಎ’ ಅದರಿಂದ ಸವೆದು ಬಂದದ್ದು. ಈ ‘ನ’ಕಾರ ಇಂಗ್ಲಿಷ್‌ನವರನ್ನೇ ಯಾಮಾರಿಸಿದ್ದುಂಟು. ಅಡುಗೆಮನೆಯಲ್ಲಿ ಕಟ್ಟಿಕೊಳ್ಳುವ ಏಪ್ರನ್ ಮೊದಲು ‘ನ್ಯಾಪ್ರನ್’ ಆಗಿತ್ತು. ‘ಎ ನ್ಯಾಪ್ರನ್’ ಅಂದದ್ದನ್ನು ‘ಆ್ಯನ್ ಏಪ್ರನ್’ ಅಂತ ಕೇಳಿಸಿಕೊಂಡು ‘ನ’ವನ್ನು ಅತ್ತ ತಳ್ಳಿಬಿಟ್ಟರು. ಕ್ರಿಕೆಟ್ಟಿನ ಅಂಪೈರ್‌ಗೂ ಹಿಂದೆ ಮೊದಲಲ್ಲಿ ‘ನ’ ಇತ್ತು, ಅದೂ ಇದೇ ರೀತಿ ಕಳಚಿತು. ಗಂಡುಮಕ್ಕಳಿಗೆ ಇದನ್ನು ಹೇಳಿ ನೋಡಿ, ಮರೆಯುವುದಿಲ್ಲ.

ಇನ್ನೊಂದು ರಗಳೆ ಎಂದರೆ ‘ಎ’ ಹಾಕಬಾರದ ಕಡೆ ಹಾಕುವುದು. ಎ ರೈಸ್, ಎ ವಾಟರ್, ಎ ಶುಗರ್ ಅಂತ ಬರೆಯುತ್ತವೆ ಮಕ್ಕಳು. ಇದಕ್ಕೂ ಅಡುಗೆಮನೆಯೇ ಪಾಠಶಾಲೆ. ಪಕ್ಕದ ಮನೆಗೆ ಹೋಗಿ “ಒಂದು ಸಕ್ಕರೆ ಕೊಡಿ” ಅಂತ ಕೇಳುತ್ತೇವೆಯೇ? ಒಂದು ಲೋಟ ಸಕ್ಕರೆ, ಒಂದು ಸೇರು ಅಕ್ಕಿ, ಒಂದು ಚಮಚ ಎಣ್ಣೆ. ಎಣಿಸುವುದು ಪಾತ್ರೆಯನ್ನು, ಒಳಗಿನದನ್ನಲ್ಲ. ಎ ಕಪ್ ಆಫ್ ಶುಗರ್, ಎ ಸ್ಪೂನ್ ಆಫ್ ಆಯಿಲ್. ಮಗು ತಲೆಹರಟೆ ಮಾಡಿ “ಹೋಟೆಲಲ್ಲಿ ಅಪ್ಪ ಒಂದು ಕಾಫಿ ಅಂತ ಹೇಳ್ತಾರಲ್ಲ?” ಅಂದರೆ, ಹೌದು, ಅಲ್ಲಿ ಇಂಗ್ಲಿಷ್‌ನವರೂ ‘ಎ ಕಾಫಿ’ ಅನ್ನುತ್ತಾರೆ, ಲೋಟದ ಲೆಕ್ಕ ಹೇಳದೆಯೂ ತಿಳಿಯುತ್ತಲ್ಲ, ಅದಕ್ಕೆ.

ಹಾಕಬೇಕಾದ ಕಡೆ ಬಿಡುವುದು ಹೆಚ್ಚಾಗಿ ‘ಮೈಸೆಲ್ಫ್’ ಎಂಬ ಪ್ರಬಂಧದಲ್ಲಿ. ಮೈ ಫಾದರ್ ಈಸ್ ಟೈಲರ್, ಮೈ ಮದರ್ ಈಸ್ ಹೌಸ್‌ವೈಫ್. ಕನ್ನಡದಲ್ಲಿ “ನಮ್ಮಪ್ಪ ಟೈಲರ್” ಅಂದರೆ ಮುಗಿಯಿತು, ‘ಒಬ್ಬ’ ಸೇರಿಸಿದರೆ ಕೃತಕವಾಗುತ್ತೆ. ಆದ್ದರಿಂದ ಇಲ್ಲಿ ಕನ್ನಡ ನಮಗೆ ದಾರಿ ತೋರುವುದಿಲ್ಲ, ಇದನ್ನು ಬಾಯಿಗೆ ಹತ್ತಿಸಲೇಬೇಕು. ಎ ಟೈಲರ್, ಎ ನರ್ಸ್, ಆ್ಯನ್ ಆಟೋ ಡ್ರೈವರ್, ಎ ಹೌಸ್‌ವೈಫ್. ಸಂಜೆ ಜಗಲಿಯಲ್ಲಿ ಕೂತು ಬೀದಿಯಲ್ಲಿ ಹೋಗಿಬರುವವರನ್ನು ಹೀಗೆ ಹೇಳಿಸಿದರೆ ಹತ್ತು ನಿಮಿಷದ ಆಟ.

ಹೆಸರುಗಳಿಗೆ ಆರ್ಟಿಕಲ್ ಬೇಡ. ರಮ್ಯ, ಸುರೇಶ, ಮೈಸೂರು, ಗದಗ, ಯಾವುದಕ್ಕೂ ಇಲ್ಲ. ನದಿಗಳಿಗೆ ಮಾತ್ರ ‘ದಿ’ ಉಂಟು. ನಮ್ಮ ದೇಶದಲ್ಲಿ ಹೆಣ್ಣುಮಕ್ಕಳಿಗೆಲ್ಲ ನದಿಯ ಹೆಸರೇ ತಾನೇ? ಕಾವೇರಿ ಈಸ್ ಮೈ ಫ್ರೆಂಡ್ ಅಂದರೆ ಪಕ್ಕದ ಬೀದಿಯ ಹುಡುಗಿ. ದಿ ಕಾವೇರಿ ಅಂದರೆ ತಲಕಾವೇರಿಯಲ್ಲಿ ಹುಟ್ಟಿದವಳು. ತುಂಗ, ಗಂಗ, ಗೋದಾವರಿ ಎಂಬ ಹೆಸರಿನ ಅತ್ತೆ ಚಿಕ್ಕಮ್ಮಂದಿರು ನಿಮ್ಮ ಮನೆಯಲ್ಲೂ ಇದ್ದೇ ಇರುತ್ತಾರೆ. ಮಕ್ಕಳು ಬಿದ್ದು ಬಿದ್ದು ನಗುತ್ತವೆ.

ಶಾಲೆಯದ್ದೊಂದು ಸೂಕ್ಷ್ಮ ಇದೆ. ಮಗು ಕಲಿಯಲು ಹೋದರೆ ‘ಗೋಸ್ ಟು ಸ್ಕೂಲ್’, ‘ದಿ’ ಇಲ್ಲ. ಫೀಸು ಕಟ್ಟಲು ತಾಯಿ ಹೋದರೆ ‘ಗೋಸ್ ಟು ದಿ ಸ್ಕೂಲ್’. ಇದನ್ನು ಆರನೇ ಏಳನೇ ಕ್ಲಾಸಿಗೆ ಇಟ್ಟುಕೊಳ್ಳಿ, ಈಗಲೇ ತುರುಕಬೇಡಿ.

ಈಗ ತಿದ್ದುವ ಬಗೆ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಮಾತು ಕಲಿಯುವಾಗ ಮೊದಮೊದಲು ಎ, ದಿ ಎಲ್ಲವನ್ನೂ ನುಂಗುತ್ತವೆ. ಮೂರು ನಾಲ್ಕು ವರ್ಷಕ್ಕೆ ಬಂದಮೇಲೆ, ಕೇಳುವವರಿಗೆ ಗೊತ್ತೇ ಇಲ್ಲದ ನಾಯಿಯನ್ನು ‘ದಿ ಡಾಗ್’ ಅಂತ ಹೇಳಿಬಿಡುತ್ತವೆ. ನಮ್ಮ ಪುಟಾಣಿಗಳೂ ಓಡಿಬಂದು “ಅವ್ನು ಹೊಡ್ದ” ಅನ್ನುತ್ತವಲ್ಲ, ಯಾವನು ಅಂತ ನಾವು ಕೇಳಿ ತಿಳಿದುಕೊಳ್ಳಬೇಕು. ಹಾಗಿರುವಾಗ ಎರಡನೇ ಕ್ಲಾಸಿನಲ್ಲಿ ಒಂದು ‘ಆ್ಯನ್’ ತಪ್ಪಿದ್ದಕ್ಕೆ ಮಗುವೂ ಅಳಬೇಕಿಲ್ಲ, ತಾಯಿಯೂ ಅಳಬೇಕಿಲ್ಲ. ಮಗು “ಐ ವಾಂಟ್ ಬನಾನಾ” ಅಂದರೆ “ತಪ್ಪು, ಮತ್ತೆ ಹೇಳು” ಅಂತ ಹಣ್ಣನ್ನು ಹಿಂದಕ್ಕೆ ಎಳೆದುಕೊಳ್ಳಬೇಡಿ. “ಎ ಬನಾನಾ? ತಗೋ” ಅಂತ ಕೊಟ್ಟುಬಿಡಿ. ಸರಿಯಾದದ್ದು ಕಿವಿಗೆ ಬಿತ್ತು, ಹಣ್ಣು ಹೊಟ್ಟೆಗೆ ಬಿತ್ತು.

“ನಿಂಗೆ ಬರಲ್ಲ” ಅನ್ನುವ ಮಗುವಿಗೆ ನನಗೆ ಎಲ್ಲಾ ಬರುತ್ತೆ ಅಂತ ಜೋರು ಮಾಡುವುದೂ ಬೇಡ, ಹೌದಪ್ಪಾ ನಾನು ದಡ್ಡಿ ಅನ್ನುವುದಂತೂ ಬೇಡವೇ ಬೇಡ. “ಬಾ, ಇಬ್ಬರೂ ಬರೆದು ನೋಡೋಣ” ಅಂತ ಒಂದು ಕಾಗದದಲ್ಲಿ ಆ ಪದವನ್ನು ಕನ್ನಡದಲ್ಲಿ ಬರೆಸಿ. ಸ್ವರವೋ ವ್ಯಂಜನವೋ ಮಗುವೇ ಹೇಳಲಿ. ಎರಡು ವಾರ ಹೀಗೆ ಮಾಡಿದರೆ ಪುಸ್ತಕ ತಾನಾಗಿ ತೆರೆಯುತ್ತೆ. ದಿನಕ್ಕೆ ಹತ್ತೇ ನಿಮಿಷ, ಒಲೆಯ ಮೇಲೆ ಕುಕ್ಕರ್ ಇಟ್ಟು ಮೂರು ಸೀಟಿ ಬರುವಷ್ಟು ಹೊತ್ತು ಸಾಕು. ಇಂಗ್ಲಿಷ್ ಪೇಪರಿನ ತಲೆಬರಹಗಳನ್ನು ಓದಿಸಿ ಕಲಿಸುತ್ತೇನೆ ಅಂತ ಮಾತ್ರ ಹೊರಡಬೇಡಿ. ಜಾಗ ಉಳಿಸಲು ಅವರು ಅಲ್ಲಿ ಎ, ದಿ ಎಲ್ಲವನ್ನೂ ಕಿತ್ತು ಹಾಕಿರುತ್ತಾರೆ. ಅಂಗಡಿ ಬೋರ್ಡುಗಳೂ ಅಷ್ಟೇ. ಮಕ್ಕಳ ಚಿತ್ರಕಥೆಯ ಪುಸ್ತಕ ಒಳ್ಳೆಯದು, ಪುಟಪುಟಕ್ಕೂ ಒಂದು ಕಾಗೆ, ಆ ಕಾಗೆ ಸಿಗುತ್ತವೆ.

ಓದುವಾಗ ಒಂದನ್ನು ಕಿವಿಗೊಟ್ಟು ಕೇಳಿ. ನಾವೆಲ್ಲ ಎಲ್ಲದಕ್ಕೂ ‘ದಿ’ ಅಂತಲೇ ಅನ್ನುತ್ತೇವೆ. ವ್ಯಂಜನದ ಮುಂದೆ ಅದು ‘ದ’ ಎಂದು ಮೆತ್ತಗಾಗುತ್ತೆ, ಸ್ವರದ ಮುಂದೆ ‘ದಿ’. ದ ಕ್ರೋ, ದಿ ಎಲಿಫೆಂಟ್. ಬರೆಯುವುದರಲ್ಲಿ ಭೇದವಿಲ್ಲ, ಹೇಳುವುದರಲ್ಲಿ ಮಾತ್ರ. ಇಲ್ಲಿಯೂ ಅದೇ ಸ್ವರ ವ್ಯಂಜನದ ಲೆಕ್ಕವೇ ನಡೆಯುತ್ತದೆ.

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ‘ಆ್ಯನ್ ಹೋಟೆಲ್’, ‘ಆ್ಯನ್ ಹಿಸ್ಟಾರಿಕಲ್’ ಅಂತ ಕಂಡು ಗಾಬರಿಯಾಗಬೇಡಿ. ಆಗ ಅಂಥ ಪದಗಳಲ್ಲಿ ‘ಹ’ಕಾರವನ್ನು ಒತ್ತಿ ಹೇಳದವರಿದ್ದರು. ಈಗ ‘ಎ ಹೋಟೆಲ್’ ಅಂತಲೇ ಬರೆಯುತ್ತಾರೆ, ಶಾಲೆಯಲ್ಲೂ ಅದನ್ನೇ ಬರೆಸಿ. ಇಂಥ ತಂಟೆಯ ಪದ ನಿಮ್ಮ ಮಕ್ಕಳಿಗೆ ಬೇರೆ ಯಾವುದಾದರೂ ಸಿಕ್ಕಿದರೆ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಮಗುವಿನ ಕೈಯಲ್ಲೇ ಬರೆಸಿದರೆ ಇನ್ನೂ ಸಂತೋಷ.